ದೋಣಿಯಲ್ಲೇ ವರ್ಷಪೂರ್ತಿ ಇರಬಹುದಾ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವ, ನಿವೃತ್ತ ಮಾಷ್ಟ್ರು. ನೀಲೇಶ್ವರದಲ್ಲಿ ಹಳೆಯ ಹೌಸ್‌ಬೋಟ್ ಒಂದು ಮಾರಾಟಕ್ಕಿದೆ. ಮಕ್ಕಳು ಬೆಂಗಳೂರಲ್ಲಿದ್ದಾರೆ, ಇಲ್ಲಿ ನಾವಿಬ್ಬರೇ. ಅದನ್ನು ಕೊಂಡು ವರ್ಷಪೂರ್ತಿ ಅದರಲ್ಲೇ ಇರಬಹುದಾ? ಮಳೆಗಾಲದಲ್ಲಿ ಏನು ಮಾಡುವುದು?

ಇರಬಹುದು ಮಾಷ್ಟ್ರೇ. ನಾನು ಮೂರು ಮಳೆಗಾಲ ಇದ್ದೆ. ಆದರೆ ದೋಣಿಗೆ ಮುಂಗಡ ಕೊಡುವ ಮೊದಲು ಅದನ್ನು ಕಟ್ಟಿಹಾಕಲು ಒಂದು ದಡ ಹುಡುಕಿ. ಈ ಪ್ರಶ್ನೆ ಕೇಳುವವರೆಲ್ಲ ದೋಣಿಯ ಫೋಟೋ ಕಳಿಸುತ್ತಾರೆ. ದಡದ ಫೋಟೋ ಇದುವರೆಗೆ ಒಬ್ಬರೂ ಕಳಿಸಿಲ್ಲ.

ದೋಣಿಯಲ್ಲಿದ್ದರೆ ಊರಿನ ಹಂಗಿಲ್ಲ ಅಂತ ಹೊರಗಿನವರಿಗೆ ಅನಿಸುತ್ತದೆ. ನಿಜ ಅಂದರೆ ಹಂಗು ಜಾಸ್ತಿಯೇ. ಕುಡಿಯುವ ನೀರು, ಗ್ಯಾಸ್, ಅಕ್ಕಿ, ಔಷಧಿ ಎಲ್ಲವೂ ದಡದಿಂದಲೇ ಬರಬೇಕು. ಕಸ ದಡಕ್ಕೇ ಹೋಗಬೇಕು. ರಾತ್ರಿ ಎದೆನೋವು ಬಂದರೆ ಒಂದು ಅಡಿ ಅಗಲದ ಹಲಗೆ ದಾಟಿ ಕಾರು ಹತ್ತಬೇಕು, ಆಮೇಲೆ ಮಂಗಳೂರಿಗೆ ಓಡಬೇಕು. ಆ ಹಲಗೆ ಭರತದ, ಅಂದರೆ ಸಮುದ್ರದ ನೀರು ಏರಿದ ಹೊತ್ತಿಗೆ ನೆಟ್ಟಗಿರುತ್ತದೆ. ಇಳಿತದ ಹೊತ್ತಿಗೆ ಏಣಿಯ ಹಾಗೆ ನಿಂತಿರುತ್ತದೆ. ನಿಮ್ಮ ಮನೆಯವರಿಗೆ ಮಂಡಿನೋವು ಇದ್ದರೆ ಮಾತು ಇಲ್ಲಿಗೇ ಮುಗಿಯಿತು.

ನನ್ನ ಮೊದಲ ಪಾಠವೂ ಇಳಿತದ್ದೇ. ಭರತದಲ್ಲಿ ದೋಣಿ ತಂದು, ಹಗ್ಗವನ್ನು ಬಿಗಿಯಾಗಿ ತೆಂಗಿನ ಮರಕ್ಕೆ ಕಟ್ಟಿ ಮಲಗಿದೆ. ನಡುರಾತ್ರಿ ಪಾತ್ರೆಗಳು ದಡಬಡ ಬಿದ್ದವು. ನೀರು ಇಳಿದಿತ್ತು, ಹಗ್ಗ ಬಿಟ್ಟಿರಲಿಲ್ಲ. ದೋಣಿ ಒಂದು ಬದಿಗೆ ವಾಲಿಕೊಂಡು ನೇತಾಡುತ್ತಿತ್ತು. ಬೆಳಗ್ಗೆ ಪಕ್ಕದ ಕಡವಿನ ಅಜ್ಜ ನೋಡಿ, "ಎಂಥ ಮಾರಾಯ್ರೆ, ದನ ಕಟ್ಟಿದ ಹಾಗೆ ಕಟ್ಟಿದ್ದೀರಲ್ಲ" ಅಂತ ನಕ್ಕರು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಏರಿಳಿತ ದೊಡ್ಡದು. ಹಗ್ಗವನ್ನು ದೋಣಿಯ ಮುಂದೆ, ಹಿಂದೆ ಓರೆಯಾಗಿ ಉದ್ದ ಬಿಟ್ಟು ಕಟ್ಟಬೇಕು. ಆಗ ನೀರಿನ ಜೊತೆ ದೋಣಿ ಏರಿ ಇಳಿಯುತ್ತದೆ, ದಡ ಬಿಟ್ಟು ದೂರವೂ ಹೋಗುವುದಿಲ್ಲ.

ಅದೇ ತೆಂಗಿನ ಮರ ಇನ್ನೊಂದು ಪಾಠವನ್ನೂ ಕಲಿಸಿತು. ಕಾಯಿ ಬಿದ್ದು ಸೋಲಾರ್ ಪ್ಯಾನೆಲ್ ಒಡೆಯಿತು. ತೆಂಗಿನ ಮರ ಇಲ್ಲದ ದಡ ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಅಂತ ಕೇಳಬೇಡಿ. ಹುಡುಕಬೇಕು.

ಇನ್ನು ಮಳೆಗಾಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್, ಜುಲೈ, ಆಗಸ್ಟ್‌ನಲ್ಲೇ ಸುರಿಯುತ್ತದೆ. ಆದರೆ ದೋಣಿಯವನು ಹೆದರಬೇಕಾದದ್ದು ತಲೆಯ ಮೇಲಿನ ಮಳೆಗಲ್ಲ, ಘಟ್ಟದ ಮಳೆಗೆ. ಚಂದ್ರಗಿರಿ ಹೊಳೆಯಲ್ಲಿ ದೋಣಿ ಇಟ್ಟವರು ಕಾಸರಗೋಡಿನ ಆಕಾಶ ನೋಡಿ ಲೆಕ್ಕ ಹಾಕಿದರೆ ಕೆಟ್ಟರು. ಸುಳ್ಯದ ಕಡೆ ಎಷ್ಟು ಬಿತ್ತು ಅಂತ ವಿಚಾರಿಸಬೇಕು, ಯಾಕೆಂದರೆ ಚಂದ್ರಗಿರಿಯನ್ನು ಸೇರುವ ಪಯಸ್ವಿನಿ ಹೊಳೆ ಆ ನೀರನ್ನೆಲ್ಲ ಇಲ್ಲಿಗೇ ತರುತ್ತದೆ. ಮೇಲಿನಿಂದ ಕೆಂಪು ನೆರೆ ಬರುವಾಗ ಕೆಳಗೆ ಇಳಿತವೂ ಶುರುವಾದರೆ ಸೆಳೆತ ಎರಡು ಪಟ್ಟು. ಮರದ ದಿಮ್ಮಿ, ಬಾಳೆಗಿಡ, ಒಮ್ಮೊಮ್ಮೆ ಇಡೀ ಬಿದಿರು ಮೆಳೆ ಬಂದು ದೋಣಿಗೆ ಬಡಿಯುತ್ತದೆ. ಆದ್ದರಿಂದ ಹೊಳೆಯ ಮುಖ್ಯ ಹರಿವಿನಲ್ಲಿ ಮಳೆಗಾಲ ಕಳೆಯುವ ಮಾತೇ ಬೇಡ. ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲಿನ ಹತ್ತಿರವಂತೂ ಬೇಡವೇ ಬೇಡ.

ಹಾಗಾದರೆ ಎಲ್ಲಿ? ನಮ್ಮ ಜಿಲ್ಲೆಯಲ್ಲಿ ಹೊಳೆಗಳು ಹನ್ನೆರಡು ಅಂತ ಲೆಕ್ಕ ಹೇಳುತ್ತಾರೆ. ಆದರೆ ಮಂಜೇಶ್ವರ, ಉಪ್ಪಳ, ಶಿರಿಯಾ, ಮೊಗ್ರಾಲ್ ಎಲ್ಲ ಚಿಕ್ಕವು. ಬೇಸಿಗೆಯಲ್ಲಿ ಎಷ್ಟೋ ಕಡೆ ಹೌಸ್‌ಬೋಟಿಗೆ ಬೇಕಾದ ಆಳವೇ ಇರುವುದಿಲ್ಲ. ಕನ್ನಡ ಮಾತಾಡಿಕೊಂಡು ಇರೋಣ ಅಂದರೆ ಆಗದು, ತೆಂಕಕ್ಕೇ, ಮಲಯಾಳದ ಕಡೆಗೇ ಹೋಗಬೇಕು. ನೀಲೇಶ್ವರದ ಕೋಟ್ಟಪ್ಪುರಂನಿಂದ ತೃಕ್ಕರಿಪುರ ಕಡೆಗೆ ಚಾಚಿಕೊಂಡ ವಲಿಯಪರಂಬ ಹಿನ್ನೀರು ಇದಕ್ಕೆ ಒಳ್ಳೆಯದು. ಒಂದು ಉದ್ದನೆಯ ಮರಳು ಪಟ್ಟಿ ಸಮುದ್ರವನ್ನು ಆಚೆಗೆ ತಡೆದು ನಿಂತಿದೆ. ಅದರ ಒಳಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮರೆಯಲ್ಲಿ ಸಣ್ಣ ತೋಡುಗಳಿವೆ. ಗಾಳಿಯೂ ಕಡಿಮೆ, ಸೆಳೆತವೂ ಕಡಿಮೆ. ಒಂದು ತೊಂದರೆ ಅಂದರೆ, ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್, ಅಂದರೆ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು ನಿಷೇಧ. ಆ ಹೊತ್ತಿಗೆ ಮೀನಿನ ಬೋಟುಗಳೂ ಇಂಥ ತಾವೇ ಹುಡುಕುತ್ತವೆ. ಜಾಗದ ಮಾತುಕತೆ ಫೆಬ್ರವರಿ, ಮಾರ್ಚ್‌ನಲ್ಲೇ ಮುಗಿಸಿ.

ಈಗ ನೀರು. ಸುತ್ತ ನೀರೇ ನೀರು, ಆದರೆ ಬೇಸಿಗೆಯಲ್ಲಿ ಬಟ್ಟೆ ಒಗೆಯಲೂ ಬಾರದು. ಉಪ್ಪು ಹೊಳೆಯೊಳಗೆ ಎಷ್ಟು ದೂರ ಹತ್ತುತ್ತದೆ ಅಂತ ಕಾಸರಗೋಡು ಪೇಟೆಯವರನ್ನು ಕೇಳಿ. ಪೇಟೆಗೆ ನೀರೆತ್ತುವ ಬಾವಿಕ್ಕರೆಯಲ್ಲಿ ಶಾಶ್ವತ ಕಟ್ಟೆ ಆಗುವವರೆಗೆ ವರ್ಷವರ್ಷವೂ ಮರಳಿನ ಚೀಲ ಒಟ್ಟಿ ತಡೆಯುತ್ತಿದ್ದರು. ಆದರೂ ನಲ್ಲಿಯಲ್ಲಿ ಉಪ್ಪುನೀರು ಬಂದದ್ದುಂಟು. ಇಬ್ಬರು ಹಿಡಿದು ಖರ್ಚು ಮಾಡಿದರೂ ದಿನಕ್ಕೆ 60 ಲೀಟರ್ ಬೇಕು. 500 ಲೀಟರಿನ ಟ್ಯಾಂಕು ಎಂಟು ದಿನಕ್ಕೆ ಮುಗಿಯುತ್ತದೆ. ಆ ಟ್ಯಾಂಕು ತುಂಬಿದಾಗ ಅರ್ಧ ಟನ್ ಭಾರ. ಅದನ್ನು ದೋಣಿಯ ನಡುವೆ, ತಳದಲ್ಲಿ ಇಡಬೇಕು. ಮಾಡಿನ (ಸೂರಿನ) ಮೇಲೆ ಇಟ್ಟರೆ ನಲ್ಲಿ ಚೆನ್ನಾಗಿ ಸುರಿಯುತ್ತದೆ, ಗಾಳಿ ಬಂದ ದಿನ ದೋಣಿಯೂ ಮಗುಚುತ್ತದೆ.

ಮಳೆಗಾಲದಲ್ಲಿ ಈ ಲೆಕ್ಕ ತಲೆಕೆಳಗು. 40 ಚದರ ಮೀಟರ್ ಮಾಡಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ನೀರು. ಒಂದು ತಿಂಗಳಿಗೆ ಸಾಕು, ಇಡಲು ಜಾಗ ಇರುವುದಿಲ್ಲ ಅಷ್ಟೆ. ಆದರೆ ಹೌಸ್‌ಬೋಟಿನ ಮಾಡು ಬಿದಿರು ಮತ್ತು ಚಾಪೆಯದ್ದು. ಅದರಿಂದ ಇಳಿಯುವ ನೀರು ಚಹಾದ ಬಣ್ಣ. ಹಿಡಿಯುವುದಾದರೆ ಮೇಲೆ ಶೀಟು ಹೊದಿಸಿ. ಮೊದಲ ಒಂದೆರಡು ಮಳೆಯ ನೀರನ್ನು ಬಿಟ್ಟುಬಿಡಿ.

ಕಕ್ಕಸಿನ ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ಪೈಪ್ ಒಂದನ್ನು ಕೆಳಗೆ ಬಿಟ್ಟರಾಯಿತು ಅಂತ ಹೇಳುವ ದಲ್ಲಾಳಿಗಳಿದ್ದಾರೆ. ಅದು ತಪ್ಪು ಮಾತ್ರವಲ್ಲ, ನಮ್ಮ ಕಡೆ ಅಸಹ್ಯ ಕೂಡ. ಪಡನ್ನ, ಚೆರುವತ್ತೂರು ಹಿನ್ನೀರಿನಲ್ಲಿ ಬಿದಿರಿನ ಗೂಟ ನೆಟ್ಟು, ಹಗ್ಗ ಇಳಿಬಿಟ್ಟು ಪಚ್ಚಿಲೆ ಅನ್ನುವ ತಿನ್ನುವ ಚಿಪ್ಪುಜೀವಿ ಬೆಳೆಸುತ್ತಾರೆ. ಮಲಯಾಳದಲ್ಲಿ ಕಲ್ಲುಮ್ಮಕ್ಕಾಯ. ಮಳೆಗಾಲ ಮುಗಿದು ನೀರು ಉಪ್ಪಾದ ಮೇಲೆ ಕಟ್ಟಿ, ಸಿಹಿನೀರು ಬರುವ ಮೊದಲು, ಅಂದರೆ ಮೇ ತಿಂಗಳ ಒಳಗೆ ತೆಗೆಯುತ್ತಾರೆ. ಪಚ್ಚಿಲೆ ಬದುಕುವುದೇ ನೀರು ಸೋಸಿ. ನೀವು ಬಿಟ್ಟದ್ದು ಅದರ ಹೊಟ್ಟೆಗೆ, ಅದು ನಾಳೆ ನಿಮ್ಮದೇ ಬಟ್ಟಲಿಗೆ. ಹೆಂಗಸರ ಸ್ವಸಹಾಯ ಗುಂಪುಗಳೂ ಈ ಬೇಸಾಯ ಮಾಡುತ್ತವೆ. ಅವರ ಹಗ್ಗದ ಪಕ್ಕ ನೀವು ಹೊಲಸು ಬಿಟ್ಟರೆ ಆ ದಡದಲ್ಲಿ ಎರಡನೇ ದಿನ ನಿಮಗೆ ಜಾಗವಿಲ್ಲ, ಇರಲೂ ಬಾರದು.

ದಾರಿ ಎರಡು. ಒಂದು ಬಯೋ ಟ್ಯಾಂಕು. ಅದಕ್ಕೆ ಫಿನಾಯಿಲ್, ಆ್ಯಸಿಡ್ ಹಾಕಿದರೆ ಒಳಗಿನ ಬ್ಯಾಕ್ಟೀರಿಯ ಸತ್ತು ಟ್ಯಾಂಕು ನಾರುತ್ತದೆ. ಮನೆಗೆಲಸಕ್ಕೆ ಬರುವವರಿಗೆ ಇದನ್ನು ಹತ್ತು ಸಲ ಹೇಳಬೇಕು. ಇನ್ನೊಂದು ಒಣ ಕಕ್ಕಸು. ಮೂತ್ರ ಬೇರೆ, ಮಲ ಬೇರೆ, ಪ್ರತಿ ಸಲ ಮೇಲೆ ಒಂದು ಮುಷ್ಟಿ ತೆಂಗಿನ ನಾರಿನ ಹುಡಿ. ಹುಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಸರಿಯಾಗಿ ಮಾಡಿದರೆ ವಾಸನೆಯೇ ಇಲ್ಲ. ಆದರೆ ತುಂಬಿದ ಬಕೆಟನ್ನು ತಿಂಗಳುಗಟ್ಟಲೆ ಗೊಬ್ಬರವಾಗಲು ಬಿಡಲು ದಡದಲ್ಲೇ ಒಂದು ಮೂಲೆ ಬೇಕು. ನೋಡಿ, ಮತ್ತೆ ದಡಕ್ಕೇ ಬಂದೆವು.

ಕರೆಂಟಿನ ಲೆಕ್ಕ ಸಣ್ಣದು. 30 ವ್ಯಾಟಿನ ಫ್ಯಾನು ಎರಡು, ಹತ್ತು ಗಂಟೆ ಓಡಿದರೆ 600 ವ್ಯಾಟ್-ಅವರ್. ದೀಪ, ಫೋನು, ಪಂಪು ಸೇರಿ 300. ಸಣ್ಣ ಫ್ರಿಜ್ಜು 500. ಒಟ್ಟು 1,400. ಬಿಸಿಲಿನ ದಿನ 100 ವ್ಯಾಟಿನ ಪ್ಯಾನೆಲ್ ಸುಮಾರು 400 ಕೊಡುತ್ತದೆ. ಆದ್ದರಿಂದ ನಾಲ್ಕು ಪ್ಯಾನೆಲ್ ಇದ್ದರೆ ಬೇಸಿಗೆ ಆರಾಮ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಕಾಲುಭಾಗವೂ ಬಾರದ ದಿನಗಳಿವೆ. ಫ್ರಿಜ್ಜು ಬಂದ್. ಫ್ಯಾನು ಹೇಗೂ ಬೇಡ. ಉಪ್ಪಿನಕಾಯಿ, ಒಣಮೀನು, ಹಪ್ಪಳ ಅಂತ ನಮ್ಮ ಹಿರಿಯರು ಸುಮ್ನೆ ಮಾಡಿಟ್ಟದ್ದಲ್ಲ.

ಗ್ಯಾಸ್ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಾದರೆ ಸೋರಿದ್ದು ಬಾಗಿಲಿನಿಂದ ಹೊರಗೆ ಹೋಗಬಹುದು. ದೋಣಿಯ ತಳ ಬಟ್ಟಲಿನ ಹಾಗೆ, ಗ್ಯಾಸ್ ಅಲ್ಲಿ ಇಳಿದು ನಿಲ್ಲುತ್ತದೆ. ತಳದ ನೀರೆತ್ತುವ ಪಂಪಿನ ಒಂದು ಕಿಡಿ ಸಾಕು. ಸಿಲಿಂಡರ್ ಹೊರಗೆ, ತೆರೆದ ಜಾಗದಲ್ಲಿ ಇರಲಿ. ಮಲಗುವ ಮೊದಲು ರೆಗ್ಯುಲೇಟರ್ ಬಂದ್ ಮಾಡಿ.

ಇಂಗ್ಲೆಂಡಿನವರ ವಿಡಿಯೋ ನೋಡಿ ಆಸೆ ಹುಟ್ಟಿತು ಅಂತ ಹಲವರು ಹೇಳುತ್ತಾರೆ. ಅವರದ್ದು ಬಹುಪಾಲು ನಿಂತ ನೀರಿನ ಕಾಲುವೆ, ಭರತ-ಇಳಿತ ಇಲ್ಲ. ಅವರಿಗೆ ಒಲೆ ಬೇಕು, ನಮಗೆ ಗಾಳಿ ಬೇಕು. ಖಾಯಂ ಜಾಗ ಇಲ್ಲದವರು ಸಾಮಾನ್ಯವಾಗಿ ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲಬಾರದು ಅಂತ ಅಲ್ಲಿ ಕಾನೂನೇ ಇದೆ. ಅಲೆಮಾರಿ ದೋಣಿವಾಸಿಗಾಗಿಯೇ ಮಾಡಿದ ನಿಯಮ ಅದು. ನಮ್ಮಲ್ಲಿ ಹೌಸ್‌ಬೋಟ್ ಅಂದರೆ ಪ್ರವಾಸಿಗರದ್ದು ಅಂತಲೇ ಎಲ್ಲರ ಲೆಕ್ಕ.

ಆದರೂ ಕಾಗದಪತ್ರ ಬೇಕು. ಎಂಜಿನ್ ಇರುವ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ನೋಂದಣಿ, ತಪಾಸಣೆ ಎರಡೂ ಆಗಬೇಕು. ಓಡಿಸುವವರಿಗೆ ಅರ್ಹತಾ ಪತ್ರ ಬೇಕು. ಬೋಟು ಓಡಿಸುವವನಿಗೆ ನಮ್ಮ ಮಂಗಳೂರು ಕಡೆ ತಾಂಡೇಲ ಅಂದರೆ ಇಲ್ಲಿ ಸ್ರಾಂಕ್. ಮೀನಿನ ಬೋಟಿಗೆ ಮೇಲೊಂದು ಅಂತಸ್ತು ಕಟ್ಟಿ ಅಗ್ಗದಲ್ಲಿ ಮನೆ ಮಾಡಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಕೈಮುಗಿಯಿರಿ. 2023ರ ಮೇ 7ರಂದು ತಾನೂರಿನಲ್ಲಿ 22 ಜನರನ್ನು ಮುಳುಗಿಸಿದ್ದು ಹಾಗೆ ಮಾರ್ಪಡಿಸಿದ ಬೋಟೇ. ವಿಳಾಸ ಅಂತ ಒಂದು ಬೇಕಲ್ಲ, ಬದಿಯಡ್ಕದ ಮನೆಯನ್ನು ಮಾರಬೇಡಿ. ರೇಶನ್ ಕಾರ್ಡ್, ಆಧಾರ್, ಗ್ಯಾಸ್ ಎಲ್ಲ ಅಲ್ಲೇ ಇರಲಿ. ದೋಣಿಗೆ ಪಂಚಾಯತ್ ಮನೆ ನಂಬರ್ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಕೊರಿಯರ್ ಹುಡುಗ ಲೊಕೇಶನ್ ಕೇಳಿದಾಗ ಕಳಿಸಿದರೆ ನೀರಿನ ನಡುವೆ ಚುಕ್ಕಿ ಕಾಣುತ್ತದೆ. "ಅಣ್ಣಾ, ಸರಿಯಾದ್ದು ಕಳಿಸಿ" ಅಂತಾನೆ.

ಬಾಡಿಗೆ ಉಳಿಯುತ್ತದೆ ಅಂತ ಮಾತ್ರ ಬರಬೇಡಿ. ಉಳಿದದ್ದನ್ನೆಲ್ಲ ಮರ ತಿನ್ನುತ್ತದೆ. ಇಲ್ಲಿನ ಹಳೆಯ ಮರದ ಹೌಸ್‌ಬೋಟು ಕೆಟ್ಟುವಳ್ಳಂ, ಅಂದರೆ ಕಟ್ಟಿದ ದೋಣಿ, ಮಲಯಾಳದ ಕೆಟ್ಟು ನಮ್ಮ ಕಟ್ಟು. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಇಲ್ಲದೆ ತೆಂಗಿನ ಹಗ್ಗದಲ್ಲಿ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಕಪ್ಪು ಮಾಡಿದ್ದು. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳ ಸಣ್ಣ ತೂತಿನಲ್ಲಿ ಒಳಹೊಕ್ಕು ಬೆಳೆಯುತ್ತದೆ. ಹೊರಗೆ ಹಲಗೆ ನಯವಾಗಿಯೇ ಕಾಣುತ್ತದೆ, ಒಳಗೆ ಜೇನುಗೂಡು. ಆಗಾಗ ಮೇಲೆತ್ತಿ, ಕೆರೆದು, ಒಣಗಿಸಿ, ಎಣ್ಣೆ ಕೊಡಬೇಕು. ಆ ದಿನಗಳಲ್ಲಿ ನೀವು ಎಲ್ಲಿ ಮಲಗುತ್ತೀರಿ ಅನ್ನುವುದನ್ನೂ ಯೋಚಿಸಿ.

ನೀಲೇಶ್ವರದ ಆ ದೋಣಿಯನ್ನು ನೀರಲ್ಲಿ ತೇಲುವಾಗ ನೋಡಿ ಬೆಲೆ ಮಾತಾಡಬೇಡಿ. ಮೇಲೆತ್ತಿಸಿ ತೋರಿಸಿ ಅನ್ನಿ, ಎತ್ತಿಸುವ ಖರ್ಚು ಅರ್ಧ ನೀವೇ ಕೊಡಿ. ಊರಿನ ಹಳೆಯ ಆಚಾರಿಯೊಬ್ಬರನ್ನು ಕರೆದುಕೊಂಡು ಹೋಗಿ, ನೀರಿನ ಗೆರೆಯ ಕೆಳಗೆ ಹತ್ತು ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಂದೇ ಒಂದು ಕಡೆ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿದರೂ, ಅವರು ಕೊಟ್ಟ ಚಹಾ ಕುಡಿದು ಬದಿಯಡ್ಕದ ಬಸ್ಸು ಹತ್ತಿ.