ಆರ್‌ಟಿಇ, ಕೆಪಿಎಸ್, ಊರಿನ ಶಾಲೆ: ಯಾಕಿಷ್ಟು ಗೋಜಲು?

ಒಂದೂರಿನೋರು ಸರ್ಕಾರದ ಕರ್ನಾಟಕ ಪಬ್ಲಿಕ್ ಸ್ಕೂಲ್ (ಕೆಪಿಎಸ್) ಬೇಕು ಅಂತಾರೆ, ಅದು ಬಂದ್ರೆ ನಮ್ ಸಣ್ಣ ಶಾಲೆನ ಅದಕ್ಕೆ ಸೇರಿಸಿ ಮುಚ್ಚುತ್ತಾರೆ ಅಂತ ಪಕ್ಕದೂರಿನೋರಿಗೆ ಸಿಟ್ಟು. ತಲೆಬುಡ ಗೊತ್ತಾಗ್ತಿಲ್ಲ ಅನ್ನೋರಿಗೆ ಸ್ವಲ್ಪ ಹಿಂದಿನ ಕಥೆ.

ಎಲ್ಲಾ ಮಕ್ಕಳೂ ಮನೆ ಹತ್ರದ ಒಂದೇ ಶಾಲೆಗೆ ಹೋಗ್ಲಿ ಅಂತ ಕೇಂದ್ರ ಸರ್ಕಾರದ ಶಿಕ್ಷಣ ಆಯೋಗ, ಅದೇ ಕೊಠಾರಿ ಆಯೋಗ, 1966ರಲ್ಲೇ ಹೇಳಿತ್ತು. ಫಿನ್ಲೆಂಡ್‌ನೋರು 1970ರ ದಶಕದಲ್ಲಿ ಅದನ್ನ ಮಾಡೇಬಿಟ್ರು. ಜರ್ಮನಿಯ ಬಹಳ ರಾಜ್ಯಗಳಲ್ಲಿ ಈಗ್ಲೂ ನಾಲ್ಕನೇ ಕ್ಲಾಸಾದ್ಮೇಲೆ ಮಕ್ಕಳನ್ನ ಬೇರೆ ಬೇರೆ ಶಾಲೆಗೆ ವಿಂಗಡಿಸ್ತಾರೆ. ನಾವು ಎರಡೂ ಮಾಡ್ಲಿಲ್ಲ, ದುಡ್ಡೇ ವಿಂಗಡಿಸ್ಲಿ ಅಂತ ಬಿಟ್ವಿ.

ಮಲೆನಾಡಲ್ಲಿ ಮೊದ್ಲು ತೋಟದೋರ ಮಗನೂ ಅಲ್ಲಿ ಅಡಿಕೆ ಕೊನೆ ತೆಗೆಯೋರ ಮಗನೂ ಒಂದೇ ಶಾಲೆಲಿ ಕೂರ್ತಿದ್ರು, ಬೇರೆ ಶಾಲೆ ಇರ್ಲಿಲ್ಲ ಅಷ್ಟೇ, ಸಮಾನತೆ ಅಂತೇನಲ್ಲ. ಇಂಗ್ಲಿಷ್ ಮೀಡಿಯಂ ಬಂತು, ಓಮ್ನಿ ಬಂತು, ತೋಟದೋರ ಮಕ್ಕಳು ಪೇಟೆಗೆ ಹೊರಟ್ರು.

ಆಮೇಲೆ ಆರ್‌ಟಿಇ. ಈ ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ನಮ್ಮಲ್ಲಿ ಖಾಸಗಿ ಶಾಲೆಯ ನೂರಕ್ಕೆ 25 ಸೀಟು ಬಡವರ, ಹಿಂದುಳಿದೋರ ಮಕ್ಕಳಿಗೆ ಕೊಡೋಕೆ ಶುರುವಾಗಿದ್ದು 2012ರಲ್ಲಿ. ಲಾಟರಿಲಿ ಹೆಸರು ಬಂದ್ರೆ ಫೀಸು ಸರ್ಕಾರದ್ದು, ಆದ್ರೆ ವ್ಯಾನಿನ ದುಡ್ಡು, ಟೈ, ಶೂ, ಆ್ಯನ್ಯುವಲ್ ಡೇ ಡ್ರೆಸ್ಸು ಅಂತ ಒಂದೊಂದಾಗಿ ಮನೆ ಮೇಲೇ ಬೀಳೋದು. ಅದೂ ಸೀಟು ನೆರೆಹೊರೆಯ ಶಾಲೆಲಿ ಮಾತ್ರ, ಆಗುಂಬೆ ಕಡೆ ಕಾಡೊಳಗಿನ ಒಂಟಿ ಮನೆಗೆ ಯಾವ ಖಾಸಗಿ ಶಾಲೆ ನೆರೆಹೊರೆ ಹೇಳಿ?

ಇತ್ತ ಸರ್ಕಾರಿ ಶಾಲೆಲಿ ನಲಿಕಲಿ, ಅಂದ್ರೆ ಆಡ್ತಾ ಕಲಿಯೋ ಪದ್ಧತಿ, ಒಂದರಿಂದ ಮೂರನೇ ಕ್ಲಾಸಿನೋರು ಒಂದೇ ರೂಮಲ್ಲಿ ಕಾರ್ಡು ಹಿಡ್ಕೊಂಡು ಗುಂಪು ಗುಂಪಾಗಿ. ಪದ್ಧತಿ ಚೆನ್ನಾಗೇ ಇದೆ (ಕಾನ್ವೆಂಟಿನ ಕಾಪಿ ರೈಟಿಂಗ್‌ಗಿಂತ ವಾಸಿ ಅಂತ ನನಗನ್ಸುತ್ತೆ), ಆದ್ರೆ ಇರೋ ಒಬ್ರು ಮೇಷ್ಟ್ರು ಮೀಟಿಂಗು, ಗಣತಿ, ಬಿಸಿಯೂಟದ ಲೆಕ್ಕ ಅಂತ ಓಡಾಡ್ತಿದ್ರೆ ಓದಿಸೋರು ಯಾರು. ಅಪ್ಪ ಅಮ್ಮ ಕಾದು ನೋಡಿ ಟಿಸಿ ತಗೋತಾರೆ.

2019ರಲ್ಲಿ ನಿಯಮ ಬದಲಾಯ್ತು. ಹತ್ರ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರೆ ಖಾಸಗಿಲಿ ಆರ್‌ಟಿಇ ಸೀಟಿಲ್ಲ, ಹೈಕೋರ್ಟೂ ಎತ್ತಿಹಿಡೀತು. ಸರ್ಕಾರಿ ಶಾಲೆ ಖಾಲಿಯಾಗ್ಬಾರದು ಅನ್ನೋದು ತರ್ಕ, ಸರಿನೇ. ಆದ್ರೆ ಬಾಗಿಲು ಮುಚ್ಚಿದ್ದು ಫೀಸು ಕಟ್ಟಕ್ಕಾಗದೋರಿಗೆ, ಕಟ್ಟೋರು ಹೋಗ್ತಾನೇ ಇದ್ರು.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬಂದಿದ್ದು ಕೆಪಿಎಸ್, ಎಲ್‌ಕೆಜಿಯಿಂದ ಪಿಯುವರೆಗೂ ಒಟ್ಟಿಗೆ, ಇಂಗ್ಲಿಷ್ ಮೀಡಿಯಮ್ಮೂ ಉಂಟು. ಪೇಟೆ ಹತ್ರದೋರಿಗೆ ಒಳ್ಳೇದೇ ಆಯ್ತು. ಆದ್ರೆ ಐದಾರು ಮಕ್ಕಳ ಶಾಲೆನ ಅದಕ್ಕೆ ಸೇರಿಸೋ ಮಾತು ಬಂದಾಗ ಬಯಲುಸೀಮೆ ಲೆಕ್ಕ ಇಲ್ಲಿ ನಡೆಯಲ್ಲ. ಮ್ಯಾಪಲ್ಲಿ ಮೂರು ಕಿಲೋಮೀಟ್ರು ಅಂತಿರುತ್ತೆ, ಜುಲೈಲಿ ಹಳ್ಳ ಉಕ್ಕಿ ಕಾಲುಸಂಕ (ನಡೆದು ದಾಟೋ ಸಣ್ಣ ಸೇತುವೆ) ಹೋದ್ರೆ ಸುತ್ತು ಹಾಕ್ಕೊಂಡು ಹತ್ತಾಗುತ್ತೆ. ಬಸ್ಸು ಬಿಡ್ಲಿ ಅಂತಾರೆ, ಬಿಟ್ರೂ ಅದು ಬರೋದು ಟಾರ್ ರೋಡಿನ ತನಕ.