ಮುಳ್ಳು ಚುಚ್ಚಿದಲ್ಲಿಗೆ ಮೊದಲು ಓಡಿಬರುವವು

ಕಲಬುರಗಿ ಕಡೆ ತೊಗರಿ ಕೊಯ್ಲಿನ ದಿನಗಳಲ್ಲಿ ಕಾಲಿಗೆ ಮುಳ್ಳು ಹೊಸದಲ್ಲ. ನಮ್ಮ ಕಾಕಾ ಅವರ ಅಂಗಾಲಿಗೆ ಜಾಲಿ ಮುಳ್ಳು ಹೊಕ್ಕು ತುದಿ ಒಳಗೇ ಮುರಿದಿತ್ತು. ಮರುದಿನವೇ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿತು. ಆಮೇಲೆ ಕೀವು. "ಕೆಟ್ಟ ರಕ್ತ ಹೊಂಟದ, ಹೋಗ್ಲಿ ಬಿಡು" ಅಂದರು ಕಾಕಾ.

ಅದು ಕೆಟ್ಟ ರಕ್ತ ಅಲ್ಲ. ಕೀವಿನಲ್ಲಿ ಹೆಚ್ಚಾಗಿ ಇರುವುದು ನಮಗಾಗಿ ಹೋರಾಡಿ ಸತ್ತ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು. ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆಯ ರಿಪೋರ್ಟ್ ತೆಗೆದು ನೋಡಿ, ಬಿಳಿ ಕಣಗಳಲ್ಲಿ ಸಾಮಾನ್ಯವಾಗಿ ಶೇ. 40ರಿಂದ 70ರಷ್ಟು ಇವೇ. ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುತ್ತದೆ. ಇವುಗಳ ಆಯುಷ್ಯ ತೀರಾ ಕಡಿಮೆ.

ಗಾಯದ ಸುತ್ತಲಿನ ಕೋಶಗಳು ರಾಸಾಯನಿಕ ಸುದ್ದಿ ಕಳಿಸುತ್ತವೆ. ಅಲ್ಲಿನ ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ. ರಕ್ತದಲ್ಲಿ ಹರಿದು ಬರುವ ನ್ಯೂಟ್ರೋಫಿಲ್ ಗೋಡೆಗೆ ತಾಗಿ ಉರುಳುತ್ತಾ ನಿಧಾನವಾಗಿ ನಿಲ್ಲುತ್ತದೆ. ಮೈ ಸಣ್ಣ ಮಾಡಿಕೊಂಡು ಸಂದಿಯಲ್ಲಿ ನುಸುಳಿ ಹೊರಗೆ ಬಂದು ರೋಗಾಣುವನ್ನು ನುಂಗುತ್ತದೆ. ನುಂಗಿದ್ದನ್ನು ಕೊಲ್ಲಲು ಅದು ತಯಾರಿಸುವುದು ಹೈಪೋಕ್ಲೋರಸ್ ಆಮ್ಲ. ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಕ್ರಿಮಿ ಕೊಲ್ಲುವುದೂ ಇದರಿಂದಲೇ! ಅದನ್ನು ತಯಾರಿಸುವ ಕಿಣ್ವದ ಬಣ್ಣ ಹಸಿರು. ಕೀವಿಗೆ ಆ ಹಸಿರು ಛಾಯೆ ಅಲ್ಲಿಂದ ಬಂದದ್ದು.

ಕೆಲವು ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್ಎಯನ್ನೇ ಬಲೆಯಂತೆ ಹೊರಗೆ ಬೀಸಿ ರೋಗಾಣುಗಳನ್ನು ಹಿಡಿಯುತ್ತವೆ. ಬರ್ಲಿನ್‌ನ ವಿಜ್ಞಾನಿಗಳು ಇದನ್ನು 2004ರಲ್ಲಿ ವಿವರಿಸಿದರು. ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈ ಕಥೆ ಶುರುವಾದದ್ದೂ ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕೋಫ್, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಬೆಳಗಾಗುವಷ್ಟರಲ್ಲಿ ಅಲೆಮಾರಿ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಬಂತು.

ಮುಂದೊಂದು ರಾತ್ರಿ ಕಾಕಾ ಅವರ ಕಾಲಿನ ಹೆಬ್ಬೆರಳಿನ ಬುಡ ಊದಿತು. ಹೊದಿಕೆ ತಾಗಿದರೂ ಚೀರುವಷ್ಟು ನೋವು. ಈ ಸಲ ಹೊರಗಿನ ಮುಳ್ಳೇ ಇಲ್ಲ, ರೋಗಾಣುವೂ ಇಲ್ಲ. ಡಾಕ್ಟರು ಗೌಟ್ ಎಂದರು. ರಕ್ತದಲ್ಲಿ ಯೂರಿಕ್ ಆಮ್ಲ ಜಾಸ್ತಿಯಾಗಿ ಕೀಲಿನಲ್ಲಿ ಸೂಜಿಯಂಥ ಹರಳಾಗುತ್ತದೆ. ಒಳಗೇ ಬೆಳೆದ ಮುಳ್ಳು, ಅಲ್ವಾ? ನ್ಯೂಟ್ರೋಫಿಲ್‌ಗಳು ಗುಂಪು ಗುಂಪಾಗಿ ಬರುತ್ತವೆ. ಆದರೆ ಹರಳು ಸಾಯುವ ವಸ್ತು ಅಲ್ಲ. ಇವು ಸುರಿಯುವ ಆಮ್ಲ, ಕಿಣ್ವ ಎಲ್ಲ ನಮ್ಮದೇ ಕೀಲಿನ ಮೇಲೆ ಬೀಳುತ್ತವೆ. ಕೋಲ್ಚಿಸಿನ್ ಮಾತ್ರೆ ನ್ಯೂಟ್ರೋಫಿಲ್‌ಗಳ ಈ ಓಟಕ್ಕೆ ತಡೆ ಹಾಕುತ್ತದೆ.

"ಬ್ಯಾಳಿ ಬಿಡ್ರಿ" ಎಂದು ಊರೆಲ್ಲ ಹೇಳಿತು. ತೊಗರಿ ನಾಡಿನಲ್ಲಿ ಇದೆಂಥ ಶಿಕ್ಷೆ! ಮಾಂಸ, ಮೀನು, ಮದ್ಯ ಮಾಡುವಷ್ಟು ಕೇಡನ್ನು ಬೇಳೆ ಗೌಟ್‌ನಲ್ಲಿ ಮಾಡುವುದಿಲ್ಲ.

ಹಾಗಂತ ನ್ಯೂಟ್ರೋಫಿಲ್‌ಗಳನ್ನು ಶತ್ರು ಅನ್ನಬಾರದು. ಕ್ಯಾನ್ಸರ್‌ಗೆ ಕಿಮೋ ಪಡೆದವರಲ್ಲಿ ಇವು ತೀರಾ ಕಡಿಮೆಯಾದಾಗ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗೌಟ್ ನೋವು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಸತ್ತ ನ್ಯೂಟ್ರೋಫಿಲ್‌ಗಳನ್ನು ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳು ನುಂಗಿ ಜಾಗ ಚೊಕ್ಕ ಮಾಡುತ್ತವೆ. ಆದರೆ ಹರಳು ಅಲ್ಲೇ ಉಳಿದಿರಬಹುದು. ಅದಕ್ಕೇ ಯೂರಿಕ್ ಆಮ್ಲ ಇಳಿಸಲು ಡಾಕ್ಟರು ಬರೆದುಕೊಟ್ಟ ಮಾತ್ರೆ ನೋವು ಹೋದ ಮೇಲೂ ಬೇಕು. ಕಾಕಾ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಾಗೆಲ್ಲ ನಾನು ಕೇಳುತ್ತೇನೆ: "ಗುಳಿಗಿ ತಗೊಂಡ್ರೇನ್ರಿ ಕಾಕಾ?"