ಅಮ್ಮನ ಹಗ್ಗ, ಒದ್ದೆ ಕಂಬಳಿ, ಸ್ಪೆಸಿಫಿಕ್ ಈಲ್ಡ್: ಅಂತರ್ಜಲ ಮಾದರಿ ಕಲಿಯುವವರಿಗೆ

ಫ್ರಾನ್ಸಿನ ಎಂಜಿನಿಯರ್ ಡಾರ್ಸಿ 1856ರಲ್ಲಿ ಮರಳಿನ ಮೂಲಕ ನೀರು ಹರಿಸಿ ಕಂಡುಕೊಂಡ ನಿಯಮ (ನೀರಿನ ಮಟ್ಟದ ಇಳಿಜಾರು ಹೆಚ್ಚಿದಷ್ಟೂ ಹರಿವು ಹೆಚ್ಚು) ನಿಮಗೆ ಗೊತ್ತಿದೆ ಅಂದುಕೊಂಡೇ ಶುರು ಮಾಡುತ್ತೇನೆ. ಅಂತರ್ಜಲದ ಮಾದರಿ ಕಟ್ಟುವ ಮಾಡ್‌ಫ್ಲೋ ತಂತ್ರಾಂಶವೂ ನೆಲವನ್ನು ಚೌಕಗಳಾಗಿ ಹಂಚಿ ಅದನ್ನೇ ಚೌಕ ಚೌಕವಾಗಿ ಲೆಕ್ಕ ಹಾಕುತ್ತದೆ. ಅದನ್ನು ತೆರೆಯುವ ಮೊದಲು ಎಕ್ಸೆಲ್‌ನಲ್ಲಿ ಒಂದೇ ಚೌಕದ ಲೆಕ್ಕ ಮಾಡಿ ನೋಡಿ. ಎಷ್ಟು ಇಂಗಿತು, ಎಷ್ಟು ಎತ್ತಿದೆವು, ಮಟ್ಟ ಎಷ್ಟು ಬದಲಾಯಿತು. ಇಷ್ಟೇ. ನಾನು ಎರಡು ವಾರ ಸಿಕ್ಕಿಹಾಕಿಕೊಂಡದ್ದು ಇಲ್ಲೇ.

ನಮ್ಮೂರು ಶಿಕಾರಿಪುರದ ಕಡೆ, ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚು. ಮಳೆ 1000 ಮಿ.ಮೀ. ಅಂತ ಇಟ್ಟುಕೊಂಡೆ. ಗಟ್ಟಿ ಬಂಡೆಯ ನೆಲದಲ್ಲಿ ಅದರ 8% ಇಂಗಿದರೆ 80 ಮಿ.ಮೀ. ಮಣ್ಣಿನ ಪೊರಾಸಿಟಿ, ಅಂದರೆ ಒಳಗಿನ ಸಂದಿಗಳ ಒಟ್ಟು ಪಾಲು, 30% ಅಂತ ಹಾಕಿದೆ. ಬಾವಿ ಏರಬೇಕಾದದ್ದು ಬರೀ 27 ಸೆಂ.ಮೀ. ಅಂತ ಬಂತು. ಅಮ್ಮ ಮೇ ಕೊನೆಗೊಮ್ಮೆ, ದೀಪಾವಳಿಗೊಮ್ಮೆ ನಮ್ಮ ತೆರೆದ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಇಳಿಸುತ್ತಾಳೆ. ನೀರು ಮುಟ್ಟಿದಲ್ಲಿಗೆ ಗಂಟು ಹಾಕಿ, ಎರಡು ಗಂಟಿನ ನಡುವೆ ಮೊಣಕೈಯಿಂದ ಅಳೆಯುತ್ತಾಳೆ. ‘ಒಂಬತ್ತು ಮೊಳ ಏರಿದೆ ಕಣೋ’ ಅಂದಳು. ಅಂದರೆ ಸುಮಾರು ನಾಲ್ಕು ಮೀಟರ್!

ತಪ್ಪು ಹಗ್ಗದ್ದಲ್ಲ, ನನ್ನ 30%ದ್ದು. ಮಳೆಯಲ್ಲಿ ನೆನೆದ ಕಂಬಳಿಯನ್ನು ಜಗಲಿಯ ಗಳಕ್ಕೆ ಹಾಕಿದ್ದು ನೆನಪು ಮಾಡಿಕೊಳ್ಳಿ. ಸ್ವಲ್ಪ ಹೊತ್ತು ತೊಟ್ಟಿಕ್ಕುತ್ತದೆ, ಆಮೇಲೆ ನಿಲ್ಲುತ್ತದೆ. ಆದರೂ ಕಂಬಳಿ ಒದ್ದೆಯೇ, ಭಾರವೇ. ಅದರಲ್ಲಿರುವ ಒಟ್ಟು ಜಾಗ ಪೊರಾಸಿಟಿ. ತಾನಾಗಿ ತೊಟ್ಟಿಕ್ಕಿ ಕೆಳಗೆ ಬಿದ್ದದ್ದು ಮಾತ್ರ ಸ್ಪೆಸಿಫಿಕ್ ಈಲ್ಡ್. ಜೇಡಿಮಣ್ಣು ತುಂಬಾ ನೀರು ಹಿಡಿಯುತ್ತದೆ, ಆದರೆ ಬಿಟ್ಟುಕೊಡುವುದಿಲ್ಲ. ಬಾವಿಗೆ ಬರುವುದು ಬಿಟ್ಟುಕೊಟ್ಟ ನೀರು ಅಲ್ವಾ? ಬೇಸಿಗೆಯಲ್ಲಿ ಮಟ್ಟ ಇಳಿದಾಗಲೂ ಮಣ್ಣಿನ ಸಂದಿ ಪೂರ್ತಿ ಖಾಲಿಯಾಗಿರುವುದಿಲ್ಲ, ಹಾಗಾಗಿ ಮಳೆಗಾಲದಲ್ಲಿ ತುಂಬಬೇಕಾದ ಜಾಗ ಸ್ವಲ್ಪವೇ. ನಮ್ಮ ಕಡೆಯಂಥ ಸವೆದ ಬಂಡೆಯಲ್ಲಿ ಈ ಈಲ್ಡ್ ಸುಮಾರು 1.5ರಿಂದ 3%. ನಾನು 2% ಹಾಕಿದೆ. ಏರಿಕೆ ಸರಿಯಾಗಿ 4 ಮೀಟರ್ ಬಂತು.

ನನಗೆ ತುಂಬಾ ಇಷ್ಟವಾದ ಅಡ್ಡದಾರಿ ಹೇಳುತ್ತೇನೆ, ಇದನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ನೀರನ್ನು ಮಿ.ಮೀ.ನಲ್ಲಿ ಬರೆಯಿರಿ. ಈಲ್ಡಿನ ಶೇಕಡಾ ಅಂಕಿಯಿಂದ ಭಾಗಿಸಿ, ಮತ್ತೆ 10ರಿಂದ ಭಾಗಿಸಿ. ಮೀಟರ್ ಸಿಗುತ್ತದೆ. 80ನ್ನು 2ರಿಂದ, ಆಮೇಲೆ 10ರಿಂದ: 4 ಮೀಟರ್. ತಿರುಗಿಸಿ ಓದಿದರೆ, ಬಾವಿಯಲ್ಲಿ ಒಂದು ಮೀಟರ್ ಇಳಿದರೆ ನೆಲ ಕಳೆದುಕೊಂಡದ್ದು ಬರೀ 20 ಮಿ.ಮೀ. ನೀರು.

ಈಗ ಅಡಿಕೆ. ಎಕರೆಗೆ ಸುಮಾರು 550 ಮರ, ಬೇಸಿಗೆಯಲ್ಲಿ ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್. ದಿನಕ್ಕೆ 11,000 ಲೀಟರ್ ಆಯಿತು. ಎಕರೆಯ 4047 ಚದರ ಮೀಟರಿಗೆ ಹಂಚಿದರೆ 2.7 ಮಿ.ಮೀ. ನಾಲ್ಕು ತಿಂಗಳಿಗೆ ಸುಮಾರು 325 ಮಿ.ಮೀ. ಆ ಎಕರೆಯ ಕೆಳಗಿನ ನೀರೇ ಸಾಕಾಗಬೇಕಾದರೆ ಮಟ್ಟ 16 ಮೀಟರ್ ಇಳಿಯಬೇಕು! ಅಷ್ಟು ಇಳಿಯುವುದಿಲ್ಲ, ಯಾಕೆಂದರೆ ಉಳಿದದ್ದು ಸುತ್ತಲಿನ ಹೊಲಗಳಡಿಯಿಂದ ಹರಿದು ಬರುತ್ತದೆ. ಒಂದು ಎಕರೆ ಅಡಿಕೆ ನಾಲ್ಕು ಎಕರೆಯಲ್ಲಿ ಇಂಗಿದ ಮಳೆಯನ್ನು ಕುಡಿಯುತ್ತದೆ ಅನ್ನುವುದು ಈ ಲೆಕ್ಕ ಬರೆಯುವವರೆಗೆ ನನ್ನ ತಲೆಗೇ ಹೋಗಿರಲಿಲ್ಲ.

ಸರ್ಕಾರಿ ಅಂದಾಜಿನಲ್ಲಿ ಇಂಗಿದ್ದರ 70% ಒಳಗೆ ಎತ್ತಿದರೆ ಸುರಕ್ಷಿತ, 90 ದಾಟಿದರೆ ಅಪಾಯ, 100 ದಾಟಿದರೆ ಅತಿ ಬಳಕೆ. ಅದರಂತೆ ಇಂಗಿದ 80ರಲ್ಲಿ ಎತ್ತಬಹುದಾದದ್ದು 56 ಮಿ.ಮೀ., ತೋಟಕ್ಕೆ ಬೇಕಾದದ್ದು 325. ಹಾಗಾಗಿ ನೂರು ಎಕರೆ ನೆಲದಲ್ಲಿ, ಮನೆ ಬಳಕೆ ಬಿಟ್ಟರೂ, ಸುಮಾರು 17 ಎಕರೆ ತೋಟ ಅಷ್ಟೇ. ಮಳೆ ಇದರ ಅರ್ಧದಷ್ಟಿರುವ ಚಳ್ಳಕೆರೆ ಕಡೆ ಎಂಟೋ ಒಂಬತ್ತೋ. ತೋಟ ಹಾಕುವ ಮುಂಚೆ ಪಕ್ಕದವರ ಜೊತೆ ಕೂತು ಈ ಲೆಕ್ಕ ಮಾಡಲೇಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಆಳಕ್ಕೆ ಹೋದರೆ ಇನ್ನೊಂದು ವಿಷಯ. ಬೋರು ಇಳಿಯುವ ಬಿರುಕು ಬಂಡೆಯಲ್ಲಿ ಈಲ್ಡ್ ಇನ್ನೂ ಕಡಿಮೆ. ಅರ್ಧ ಶೇಕಡಾ ಆದರೆ ಒಂದು ಮೀಟರಿಗೆ 5 ಮಿ.ಮೀ. ಅಷ್ಟೇ ನೀರು ಎತ್ತಿದರೂ ಮಟ್ಟ ನಾಲ್ಕು ಪಟ್ಟು ಬೇಗ ಕುಸಿಯುತ್ತದೆ. ಮಾದರಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಅಂಕಿ ಹಾಕಬೇಡಿ.

ಕೊನೆಯದು, ಇದನ್ನು ಜಾಸ್ತಿ ಗಮನಿಸಿ. 8% ಮತ್ತು 2% ಹಾಕಿದಾಗ ಅಮ್ಮನ ಹಗ್ಗಕ್ಕೆ ಹೊಂದಿತು ಅಂತ ಖುಷಿಪಟ್ಟೆ. 16% ಮತ್ತು 4% ಹಾಕಿದರೂ 4 ಮೀಟರೇ ಬರುತ್ತದೆ! ಉತ್ತರ ಹೊಂದಿದ ಮಾತ್ರಕ್ಕೆ ಎರಡೂ ಅಂಕಿ ಸರಿ ಅಂತಲ್ಲ. ಹಾಗೆ ಇಂಗಿದ್ದೇ ದುಪ್ಪಟ್ಟಾದರೆ ಮೇಲಿನ 17 ಎಕರೆ 34 ಆಗುತ್ತದೆ, ಸುಮ್ನೆ ನಂಬಿ ಕೂರುವಂತಿಲ್ಲ. ಬಿಡಿಸುವ ದಾರಿ ಮಳೆಯಿಲ್ಲದ ತಿಂಗಳುಗಳಲ್ಲಿದೆ. ಆಗ ಇಂಗುವುದು ಹೆಚ್ಚುಕಡಿಮೆ ಸೊನ್ನೆ. ಊರಿನ ಬೋರುಗಳು ಎತ್ತಿದ ಒಟ್ಟು ನೀರನ್ನು ಊರಿನ ವಿಸ್ತೀರ್ಣಕ್ಕೆ ಹಂಚಿ, ಮಟ್ಟ ಎಷ್ಟು ಇಳಿಯಿತು ಅಂತ ನೋಡಿದರೆ ಗೊತ್ತಿಲ್ಲದ ಅಂಕಿ ಈಲ್ಡ್ ಒಂದೇ ಉಳಿಯುತ್ತದೆ. ಬೋರಿನಲ್ಲಿ ‘ಎರಡಿಂಚು ನೀರು’ ಅನ್ನೋ ಮಾತು ಇದಕ್ಕೆ ಸಾಲದು, ಅಳೆಯಬೇಕು. 200 ಲೀಟರ್ ಡ್ರಮ್ಮು ಎರಡು ನಿಮಿಷದಲ್ಲಿ ತುಂಬಿದರೆ ಗಂಟೆಗೆ 6000 ಲೀಟರ್. ಫೆಬ್ರವರಿ ಒಂದಕ್ಕೆ ಹಗ್ಗ ಇಳಿಸು ಅಂತ ಅಮ್ಮನಿಗೆ ಹೇಳಿದ್ದೇನೆ. ಅವತ್ತಿಂದ ನಾನು ಡ್ರಮ್ಮು ಹಿಡಿದು ಬೋರಿನಿಂದ ಬೋರಿಗೆ ಹೋಗುತ್ತೇನೆ.